ಮೊದಲ ಹತ್ತು ಕೊಡ

ಕಲಬುರಗಿ, ದವಾಖಾನೆಯ ಪಡಸಾಲೆ
ಗುರುವಾರ, 15 ಮೇ 2025

ಮಗಳು ಸಪ್ನಾಳಿಗೆ ನಿನ್ನ ಅವ್ವ ಗುರುಬಾಯಿ ಮಾಡುವ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಸಿ ಆಮೇಲೆ ಮಾತಿಗೆ ಬರುವುದು ವಾಡಿಕೆ. ಆ ಸಾಲು ನನ್ನ ಬಾಯಿಂದ ಬರುತ್ತಿಲ್ಲ. ಮೊದಲು ನೀನು ಒಂದು ಕೆಲಸ ಮಾಡು. ಸೋಮವಾರ ಲಾಡ್ಲೆಸಾಬನ ಟಂಟಂ ಆಟೋದಲ್ಲಿ ನಾನು ಕಳಿಸಿದ ನೀರಿನ ಕ್ಯಾನು ನಿನ್ನ ಅಡುಗೆಮನೆಯಲ್ಲಿ ಇರುತ್ತದೆ. ಅದರ ನೀರನ್ನು ಇನ್ನು ಒಂದು ಗುಟುಕೂ ಕುಡಿಯಬೇಡ. ಚೆಲ್ಲಿಬಿಡು. ಕುದಿಸಿ ಕುಡಿಯುತ್ತೇನೆ ಎಂದೂ ಅನ್ನಬೇಡ, ಕುದಿಸಿದರೆ ಇನ್ನೂ ಕೆಡುಕು. ಈ ಪತ್ರ ತಂದವನೂ ಲಾಡ್ಲೆಸಾಬನೇ. ಅವನ ಮುಂದೆಯೇ ಚೆಲ್ಲಿ ಖಾಲಿ ಕ್ಯಾನು ಅವನ ಕೈಗೆ ಕೊಡು. ಅವನು ಅದನ್ನು ತಂದು ತೋರಿಸುವ ತನಕ ನನಗೆ ಅನ್ನ ಇಳಿಯುವುದಿಲ್ಲ.

ಚೆಲ್ಲಿದ ಮೇಲೆ ಕೂತು ಓದು. ಬೆನ್ನಿಗೆ ದಿಂಬು ಇಟ್ಟುಕೋ.

ನನಗೆ ಸಹಿ ಬಿಟ್ಟರೆ ಬರೆಯಲು ಬರುವುದಿಲ್ಲ ಎಂಬುದು ನಿನಗೆ ಗೊತ್ತಿದ್ದದ್ದೇ. ನಾನು ಹೇಳುತ್ತಿದ್ದೇನೆ, ಬರೆಯುವವರು ಬರೆಯುತ್ತಿದ್ದಾರೆ. ಫೋನಿನಲ್ಲಿ ಹೇಳೋಣವೆಂದರೆ ಮಂಗಳವಾರ ಸಂಜೆಯಿಂದ ನೀನು ಫೋನು ಬಂದ್ ಮಾಡಿ ಕೂತಿದ್ದೀ. ಸಿಟ್ಟು ಬಂದದ್ದು ಸರಿಯೇ. ಚೊಚ್ಚಲ ಬಸುರಿ ಮಗಳಿಗೆ, ಕುಬಸ ಮಾಡಿ ಕಳಿಸಿದ ಅವ್ವನೇ, ಬಾಣಂತನಕ್ಕೆ ತವರಿಗೆ ಬರಬೇಡ ಎಂದರೆ ಯಾವ ಮಗಳು ಸಹಿಸುತ್ತಾಳೆ? ಮನೆಗೆ ಸುಣ್ಣ ಬಳಿಸುತ್ತಿದ್ದೇವೆ, ವಾಸನೆ ಆಗುತ್ತದೆ ಎಂದು ನಾನು ಹೇಳಿದ ನೆಪವಾದರೂ ಎಂಥದು. ಸೊಸೆಗೆ, ನಮ್ಮ ವೈನಿಗೆ ಕೂಸಾಯಿತು, ಇನ್ನು ಮಗಳು ಭಾರವಾದಳೇನು ಎಂದು ಕೇಳಿ ನೀನು ಇಟ್ಟುಬಿಟ್ಟೆ. ಆಮೇಲೆ ನಾನು ಮಹೇಶಕುಮಾರನಿಗೆ ಫೋನು ಮಾಡಿ, ಕ್ಯಾನಿನ ಮುಚ್ಚಳ ಒಡೆದಿತ್ತು, ಹುಳ ಬಿದ್ದಿರಬಹುದು, ಚೆಲ್ಲಪ್ಪ ಎಂದೆ. ಅಳಿಯ ನಕ್ಕು, ನೋಡೋಣ ತಗೋರಿ ಅಂದ. ಅವನಿಗೆ ನಮ್ಮೂರಿನ ನೀರೆಂದರೆ ತೀರ್ಥ. ಹಾಗೆಂದು ಊರಲ್ಲೆಲ್ಲ ಹೇಳಿಕೊಂಡು ಬಂದವಳೂ ನಾನೇ.

ಸುಣ್ಣವೂ ಇಲ್ಲ, ಮುಚ್ಚಳವೂ ಒಡೆದಿಲ್ಲ. ಕೂಸಿಗೆ ಮೈಯಲ್ಲಿ ಸರಿಯಿಲ್ಲ ಸಪ್ನಾ. ನೀನೇ ತೊಟ್ಟಿಲಲ್ಲಿ ಹಾಕಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದೆಯಲ್ಲ, ಆ ನಿನ್ನ ಅಣ್ಣನ ಕೂಸು. ಬಸುರಿಗೆ ಹೇಳಬೇಡ ಎಂದು ನಿನ್ನ ಅಣ್ಣ ಶಿವಪ್ರಕಾಶ ನನ್ನ ಬಾಯಿ ಕಟ್ಟಿದ್ದ. ಎರಡು ವಾರದಿಂದ ಅದು ಮಂಕಾಗಿತ್ತು. ಬೇಸಿಗೆಯ ಸೆಕೆ ಎಂದುಕೊಂಡೆ. ಮಂಗಳವಾರ ಬೆಳಿಗ್ಗೆ ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದೆ. ಬಿಸಿನೀರು ಬಿದ್ದರೆ ಚೀರಿ ಮನೆ ಎತ್ತುವ ಕೂಸು ಸುಮ್ಮನಿತ್ತು. ತುಟಿ ನೋಡಿದರೆ ನೇರಳೆ ಹಣ್ಣು ತಿಂದ ಬಾಯಿಯ ಹಾಗೆ. ಉಗುರುಗಳೂ ಹಾಗೆಯೇ. ಕಾಡಿಗೆ ಹತ್ತಿರಬೇಕು ಎಂದು ಸೆರಗಿನಿಂದ ಒರೆಸಿದೆ. ಮತ್ತೆ ಮತ್ತೆ ಒರೆಸಿದೆ. ಅದು ಒರೆಸಿದರೆ ಹೋಗುವ ಬಣ್ಣವಾಗಿರಲಿಲ್ಲ.

ಅಫಜಲಪುರಕ್ಕೆ ಒಯ್ದೆವು. ಅಲ್ಲಿ ಎದೆ ನೋಡಿ, ಇಲ್ಲಿ ಆಗುವುದಿಲ್ಲ, ಕಲಬುರಗಿಗೆ ನಡೆಯಿರಿ ಅಂದರು. ಚೌಡಾಪುರ ದಾಟುವಾಗ ಕೂಸು ಒಮ್ಮೆ ಕಣ್ಣು ಬಿಟ್ಟಿತು. ಇಲ್ಲಿ ಬಂದ ಮೇಲೆ ರಕ್ತ ತೆಗೆದರು. ರಕ್ತ ಕೆಂಪಗಿರಲಿಲ್ಲ, ಕಾಸಿದ ಬೆಲ್ಲದ ಬಣ್ಣವಿತ್ತು. ಸಣ್ಣ ವಯಸ್ಸಿನ ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿ, ಬೇರೆ ಏನೂ ಕೇಳದೆ ಒಂದೇ ಮಾತು ಕೇಳಿದಳು. "ಹಾಲಿನ ಪುಡಿ ಯಾವ ನೀರಾಗ ಕಲಸೀರಿ?"

ಎದೆ ಹಾಲು ಸಾಲದೆ ಸೊಸೆ ಭಾಗಮ್ಮ ಒಂದು ತಿಂಗಳಿಂದ ಡಬ್ಬಿ ಹಾಲು ಹಾಕುತ್ತಿದ್ದಳು. ಅದಕ್ಕೆ ನೀರು ಕಾಸಿ ಕೊಡುವ ಕೆಲಸ ನನ್ನದು. ಒಂದು ತಂಬಿಗೆ ನೀರು ಅರ್ಧ ತಂಬಿಗೆ ಆಗುವ ತನಕ ಕುದಿಸುತ್ತಿದ್ದೆ. ಎಷ್ಟು ಕುದಿಸಿದರೆ ಅಷ್ಟು ಚೊಕ್ಕ ಎಂಬ ನಂಬಿಕೆ. ಕ್ರಿಮಿ ಸಾಯುತ್ತವೆ, ಆದರೆ ಈ ವಿಷ ಸಾಯುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದಳು. ಇದೇ ಮಾತನ್ನು ನನಗೆ ಶೈಲಶ್ರೀ ಮೇಡಂ ಹೋದ ವರ್ಷವೇ ಹೇಳಿದ್ದರು. ಕೇಳಿದ್ದೆ. ತಲೆಯನ್ನೂ ಆಡಿಸಿದ್ದೆ.

ಇಲ್ಲಿ ಸ್ವಲ್ಪ ಹೊತ್ತು ಬರೆಯುವುದು ನಿಂತಿತ್ತು. ಭಾಗಮ್ಮನನ್ನು ಒಳಗೆ ಕರೆದಿದ್ದರು. ಕೂಸಿಗೆ ನೀಲಿ ಬಣ್ಣದ ಔಷಧ ಸೂಜಿಯಲ್ಲಿ ಕೊಡುತ್ತಿದ್ದಾರೆ. ನೀಲಿಯಾದ ಕೂಸಿಗೆ ನೀಲಿ ಔಷಧವೇ ಎಂದು ನಾನು ಜಗಳಕ್ಕೇ ಹೋಗಿದ್ದೆ. ಕೊಟ್ಟ ಮೇಲೆ ತುಟಿ ತಿಳಿಯಾಯಿತು. ನಿನ್ನೆ ಮತ್ತೆ ಕಪ್ಪಿಟ್ಟಿತು. ಈಗ ಎರಡನೆಯ ಸಲ ಕೊಟ್ಟಿದ್ದಾರೆ. ಇನ್ನೆರಡು ದಿನ ಏನೂ ಹೇಳಲಾಗದು ಎನ್ನುತ್ತಾರೆ.

ಶೈಲಶ್ರೀ ಮೇಡಂ ಯಾರೆಂದು ನಿನಗೆ ನೆನಪಿರಬೇಕು. ಇಲ್ಲಿನ ಕಾಲೇಜಿನಲ್ಲಿ ರಸಾಯನ ಕಲಿಸುವವರು. ದೀಪಾವಳಿ ಆದ ಮೇಲೆ ಊರಿಗೆ ಬಂದು ನಮ್ಮ ಬಾವಿಯ ನೀರನ್ನು ಸೀಸೆಯಲ್ಲಿ ತುಂಬಿ, ಅದರಲ್ಲಿ ಕಾಗದದ ಪಟ್ಟಿ ಅದ್ದಿ ಗುಲಾಬಿ ಬಣ್ಣ ತೋರಿಸಿದರು. ಕಬ್ಬಿಗೆ ನಾವು ಸುರಿದ ಯೂರಿಯಾದಂಥ ಸರಕಾರಿ ಗೊಬ್ಬರ, ಬಾವಿಯ ಹತ್ತಿರದ ತಿಪ್ಪೆ, ಎಲ್ಲದರ ಸತ್ವ ಬಾವಿಗೆ ಇಳಿದಿದೆ, ಅದಕ್ಕೆ ನೈಟ್ರೇಟ್ ಎನ್ನುತ್ತಾರೆ, ರುಚಿ ಇಲ್ಲ, ವಾಸನೆ ಇಲ್ಲ, ದೊಡ್ಡವರು ತಡೆದುಕೊಳ್ಳುತ್ತಾರೆ, ಎಳೆ ಕೂಸು ತಡೆಯುವುದಿಲ್ಲ ಅಂದರು. ನಾವು ಒಲೆಗೆ ಹಾಕುವ ತೊಗರಿ ಕಟ್ಟಿಗೆಯನ್ನೇ ಒಯ್ದು, ಸುಟ್ಟು ಇದ್ದಿಲು ಮಾಡಿ, ಅದಕ್ಕೆ ಏನೋ ಔಷಧ ಹಿಡಿಸಿ ಎರಡು ಡ್ರಮ್ಮು ತುಂಬಿ ತಂದರು. ಬಾವಿ ನೀರು ಮೇಲಿಂದ ಬಿಟ್ಟರೆ ಕೆಳಗಿನ ನಳದಲ್ಲಿ ಒಳ್ಳೆಯ ನೀರು. ಅದ್ದಿದ ಪಟ್ಟಿ ಬೆಳ್ಳಗೇ ಉಳಿಯಿತು. ಹೆಂಗಸರೆಲ್ಲ ಬೆರಗಾಗಿ ನೋಡಿದರು. ಅದನ್ನು ನಡೆಸಲು ಮಹಿಳಾ ಸಂಘದಿಂದ ನನ್ನನ್ನೂ ಪ್ಯಾರಿಬಿಯನ್ನೂ ಆರಿಸಿದರು. ಒಂದು ವಾರ ನನ್ನ ಪಾಳಿ, ಒಂದು ವಾರ ಅವಳದು.

ಮೇಡಂ ನಮಗೆ ತಿಳಿಯುವಂತೆ ಹೇಳಿದ್ದರು. ಇದ್ದಿಲಿನೊಳಗೆ ಬಸ್ಸಿನ ಸೀಟಿನ ಹಾಗೆ ಜಾಗ ಇರುತ್ತದಂತೆ. ನೀರು ಹಾದುಹೋಗುವಾಗ ವಿಷ ಬಂದು ಆ ಸೀಟಿನಲ್ಲಿ ಕೂಡುತ್ತದೆ. ಸೀಟು ತುಂಬಿದ ಮೇಲೆ ಬಂದ ವಿಷಕ್ಕೆ ಜಾಗವಿಲ್ಲ, ನೀರಿನ ಜೊತೆ ಹೊರಗೆ ಬರುತ್ತದೆ. ಅದಕ್ಕೇ ವಾರಕ್ಕೊಮ್ಮೆ, ರವಿವಾರ ಸಂಜೆ, ಉಪ್ಪುನೀರು ಬಿಟ್ಟು ತೊಳೆಯಬೇಕು. ಉಪ್ಪು ಬಂದು ಸೀಟಿನಲ್ಲಿ ಕೂಡುತ್ತದೆ, ವಿಷ ಎದ್ದು ಇಳಿಯುತ್ತದೆ. ಹಾಗೆ ಇಳಿದದ್ದೆಲ್ಲ ಮರುದಿನ ಬೆಳಿಗ್ಗೆಯ ಮೊದಲ ಹತ್ತು ಕೊಡದಲ್ಲಿ ಬರುತ್ತದೆ. ಆ ಹತ್ತು ಕೊಡ ನೀರು ಬಾವಿ ನೀರಿಗಿಂತ ಹತ್ತು ಪಟ್ಟು ಕೆಟ್ಟದ್ದು. ದೂರದ ಗುಂಡಿಗೆ ಒಯ್ದು ಚೆಲ್ಲಬೇಕು. ಡ್ರಮ್ಮು ಇಟ್ಟ ಕೋಣೆಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದರು ಸಹ. ನನಗೆ ಓದಲು ಬಾರದು ಎಂಬುದು ನೆಪವಲ್ಲ. ಬಾಯಿಂದ ಹೇಳಿದ್ದನ್ನು ಕಿವಿಯಿಂದ ಕೇಳಿದವಳು ನಾನು.

ಸಪ್ನಾ, ಇಲ್ಲಿಯ ತನಕ ಹೇಳುವುದು ಸುಲಭವಿತ್ತು. ಇನ್ನು ಮುಂದಿನದನ್ನು ಯಾರ ಮುಂದೆಯೂ ಹೇಳಿಲ್ಲ. ನಿನ್ನ ಅಣ್ಣನ ಮುಂದೆ ಹೇಳಿಲ್ಲ, ಡಾಕ್ಟರಮ್ಮನ ಮುಂದೆ ಹೇಳಿಲ್ಲ. ಈಗಲೇ ಮೊದಲ ಸಲ ಬಾಯಿ ಬಿಡುತ್ತಿದ್ದೇನೆ.

ಚಳಿಗಾಲ ಮುಗಿಯುವ ತನಕ ಹತ್ತು ಕೊಡವೂ ಚೆಲ್ಲಿದೆ. ಶಿವರಾತ್ರಿ ಆಯಿತು, ಬಾವಿ ಕೆಳಗಿಳಿಯಿತು, ಸೊನ್ನದ ಕಡೆ ಹೊಳೆಯೂ ಸೊರಗಿತು. ಸೋಮವಾರ ಬೆಳಕು ಹರಿಯುವುದರೊಳಗೆ ನಳದ ಮುಂದೆ ನಲವತ್ತು ಕೊಡ ಸಾಲಾಗಿ ಕೂತಿರುತ್ತಿದ್ದವು. ಅಷ್ಟು ಜನ ಕಣ್ಣು ಬಿಟ್ಟು ನೋಡುವಾಗ ಹತ್ತು ಕೊಡ ಕಣ್ಣೀರಿನಷ್ಟು ತಿಳಿ ನೀರನ್ನು ಗುಂಡಿಗೆ ಸುರಿಯುವುದೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ನಿನಗೆ ಗೊತ್ತು, ಕೈ ತೊಳೆದ ನೀರನ್ನೂ ತುಳಸಿ ಗಿಡಕ್ಕೆ ಹಾಕುವ ಮನೆ ನಮ್ಮದು. ಪೇಟೆಯವರಿಗೆ ನೀರಿನ ಬೆಲೆ ಏನು ಗೊತ್ತು ಎಂದು ಮನಸ್ಸಿನಲ್ಲೇ ಮೇಡಂಗೆ ಬೈದುಕೊಂಡೆ. ಹತ್ತು ಎಂಟಾಯಿತು, ಐದಾಯಿತು. ಕೊನೆಗೆ ಎರಡು. ಎರಡು ಚೆಲ್ಲಿ, ನಾಲಿಗೆಗೆ ಉಪ್ಪು ಹತ್ತಲಿಲ್ಲವೆಂದರೆ ಸಾಕು, ಕೊಡ ಹಿಡಿಯುತ್ತಿದ್ದೆ. ನಮ್ಮ ನೀರು ಮೊದಲೇ ಸವಳು, ನಾಲಿಗೆ ಏನು ಹೇಳೀತು?

ಪ್ಯಾರಿಬಿ ಹತ್ತಕ್ಕೆ ಹತ್ತೂ ಚೆಲ್ಲುತ್ತಿದ್ದಳು. ಬೆರಳು ಮಡಚಿ ಎಣಿಸಿ ಚೆಲ್ಲುತ್ತಿದ್ದಳು. ಊರ ಹೆಂಗಸರು ಅವಳಿಗೆ ಶಾಪ ಹಾಕುತ್ತಿದ್ದರು. ಗುರುಬಾಯಿ ಪಾಳಿ ಬಂದರೆ ನೀರು ಲಗೂನೆ ಸಿಗುತ್ತದೆ ಎಂದು ನನ್ನನ್ನು ಹೊಗಳುತ್ತಿದ್ದರು. ಹೊಗಳಿಕೆ ನನಗೂ ರುಚಿಸಿತು.

ಇನ್ನೊಂದು ಮಾತು. ಯಾವ ನೀರಾದರೂ ಮೊದಲು ತುಂಬಿದ ಕೊಡ ದೇವರಿಗೆ, ಬಾಣಂತಿ ಇದ್ದರೆ ಅವಳ ಮನೆಗೆ. ನಾಲ್ಕು ಕೈ ತಾಕುವ ಮೊದಲಿನ ನೀರು, ಅದರಲ್ಲೂ ಸೋಮವಾರದ ನೀರು, ಅದರಲ್ಲೂ ಈಗಷ್ಟೇ ತೊಳೆದ ಡ್ರಮ್ಮಿನ ನೀರು. ಅದಕ್ಕಿಂತ ಚೊಕ್ಕದ್ದು ಎಲ್ಲಿದೆ ಎಂದುಕೊಂಡೆ. ತೊಳೆದ ಪಾತ್ರೆಯಲ್ಲಿ ಕೊಳೆ ಇರುತ್ತದೆ ಎಂದು ಯಾರಿಗಾದರೂ ಹೊಳೆಯುತ್ತದೆಯೇ? ಭಾಗಮ್ಮನಿಗೆ ತಾಯಿ ಇಲ್ಲ. ಅದಕ್ಕೇ ಅವಳ ಬಾಣಂತನ ನಮ್ಮಲ್ಲೇ ಆಯಿತು. ತಾಯಿ ಇದ್ದಿದ್ದರೆ ಇಷ್ಟು ಮಾಡುತ್ತಿದ್ದಳೇ ಎಂದು ಊರು ಮಾತಾಡಬೇಕು, ಹಾಗೆ ಮಾಡಬೇಕು ಎಂಬ ಹಟ ನನಗೆ. ಮೊದಲ ಕೊಡ ಅವಳ ಕೂಸಿನ ಹಾಲಿಗೆ. ನನ್ನ ಪ್ರತಿ ಪಾಳಿಯಲ್ಲೂ ಎರಡನೆಯದು ಕ್ಯಾನಿಗೆ, ಜೇವರ್ಗಿಗೆ, ನಿನಗೆ. ಲೋಕದಲ್ಲಿ ನನಗೆ ಎಲ್ಲರಿಗಿಂತ ಬೇಕಾದವರನ್ನು ಆರಿಸಿ ಆರಿಸಿ ವಿಷ ಕೊಟ್ಟೆ.

ಈ ಸಲ ಸಂಘಕ್ಕೆ ಉಪ್ಪು ಬರುವುದು ತಡವಾಗಿ ಮೂರು ವಾರ ಡ್ರಮ್ಮು ತೊಳೆದಿರಲಿಲ್ಲ. ಮೂರು ವಾರದ್ದೆಲ್ಲ ರವಿವಾರ ಸಂಜೆ ಎದ್ದು ಸೋಮವಾರ ಬೆಳಿಗ್ಗೆಯ ಕೊಡಕ್ಕೆ ಇಳಿಯಿತು. ಆ ಕೊಡ ಹೊತ್ತು ತಂದವಳು ನಾನು.

ಇದನ್ನೂ ಬರೆಸಬೇಕು. ಬಾಣಂತಿ ಮನೆಯಿಂದ ಹೊರಬಿದ್ದ ಹೊಸತರಲ್ಲಿ ಭಾಗಮ್ಮ ಒಮ್ಮೆ ನಳದ ಹತ್ತಿರ ಬಂದು ಗೋಡೆ ಓದಿದಳು. ಮನೆಗೆ ಬಂದು ಕೇಳಿದಳು. "ಅತ್ತಿ, ಮೊದಲಿನ ಹತ್ತು ಕೊಡ ಚೆಲ್ಲಬೇಕಂತ ಬರದಾರಲ್ರಿ. ಚೆಲ್ಲತೀರೇನ್ರಿ?" ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳ ಮುಖವನ್ನೂ ನೋಡದೆ, "ಹೂಂ, ಚೆಲ್ಲತೇನಿ ತಗೋ" ಅಂದೆ. ಅದು ಸುಳ್ಳು. ಮೊದಲ ಸುಳ್ಳು ಅದೇ.

ಇಲ್ಲಿ ಪೆನ್ನು ನಿಂತಿದೆ. ಬರಿ, ಹಾಗೆಯೇ ಬರಿ ಅಂದೆ. ತುಸು ಹೊತ್ತಿಗೆ ಮತ್ತೆ ನಡೆಯಿತು.

ಎರಡನೆಯ ಸುಳ್ಳು ಬಾಯಿ ಮುಚ್ಚಿಕೊಂಡು ಹೇಳಿದ್ದು. ಕೂಸಿಗೆ ನೀರಿನಿಂದ ಹೀಗಾಯಿತು ಎಂದು ತಿಳಿದ ಕೂಡಲೆ ಶಿವಪ್ರಕಾಶ ಊರಿಗೆ ಓಡಿದ. ನಾನೂ ಕೂಸಿನ ಬಟ್ಟೆ ತರಲು ಅವನ ಬೆನ್ನಿಗೆ ಹೋದೆ. ಈ ಮಂಗಳವಾರ ಬೆಳಿಗ್ಗೆ ನಳದ ಹತ್ತಿರ ಇದ್ದವಳು ಪ್ಯಾರಿಬಿ. ನಾನು ಕೂಸಿನ ಗದ್ದಲದಲ್ಲಿ ಇದ್ದೆನೆಂದು ನನ್ನ ಬದಲು ಬಂದು ನೀರು ಬಿಟ್ಟಿದ್ದಳು, ಪಾಪ. ಜನ ಅವಳನ್ನೇ ಹಿಡಿದರು. ನಿನ್ನ ಅಣ್ಣ ಅವಳ ಕೈಯಿಂದ ಕೀಲಿಕೈ ಕಸಿದುಕೊಂಡು, ನಳ ಒಡೆದು, ಕೋಣೆಯ ಬಾಗಿಲಿಗೆ ಕೀಲಿ ಜಡಿದ. ನಿನಗೆ ಎಷ್ಟೋ ಸಲ ರಂಜಾನ್ ಹಬ್ಬದ ಸುರಕುಂಬಾ ಉಣಿಸಿದ ಪ್ಯಾರಿಬಿ ಅವಳು. ನನ್ನನ್ನು ನೋಡಿ ಇಷ್ಟೇ ಅಂದಳು. "ಗುರುಬಾಯಿ ಅಕ್ಕಾ, ನಾ ಎಣಿಸೇ ಚೆಲ್ಲೇನಿ. ನೀ ನೋಡೀಯಲ್ಲ, ಹೇಳು ಅವರಿಗೆ."

ನಾನು ಬಟ್ಟೆಯ ಗಂಟು ಎತ್ತಿಕೊಂಡು ಟಂಟಂ ಹತ್ತಿದೆ.

ಈಗ ಊರೆಲ್ಲ ಮತ್ತೆ ಬಾವಿ ನೀರನ್ನೇ ಕುಡಿಯುತ್ತಿದೆ. ಆ ಇದ್ದಿಲು ಕೆಟ್ಟದ್ದು, ಮೇಡಂ ನಮ್ಮ ಮೇಲೆ ಪ್ರಯೋಗ ಮಾಡಿದರು ಎಂದು ಮಾತಾಡುತ್ತಿದ್ದಾರೆ. ಇದ್ದಿಲು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಪ್ಯಾರಿಬಿಯ ಮಗಳು ನಿಶಾತ, ನಿನ್ನ ಜೊತೆ ಸಾಲೆಗೆ ಹೋಗುತ್ತಿದ್ದವಳು, ಬಾಣಂತನಕ್ಕೆಂದು ತವರಿಗೆ ಬಂದಿದ್ದಾಳೆ. ದಿನ ತುಂಬಿವೆ. ನಾನು ಬಾಯಿ ಬಿಡದೆ ಹೋದರೆ ಅವಳ ಕೂಸೂ ಅದೇ ಬಾವಿ ನೀರಿಗೆ ಬೀಳುತ್ತದೆ. ಮೂರು ದಿನದಿಂದ ಈ ಪಡಸಾಲೆಯ ಕಲ್ಲಿನ ಮೇಲೆ ಕೂತು ಇದೊಂದನ್ನೇ ಯೋಚಿಸುತ್ತಿದ್ದೇನೆ. ಬಾಯಿ ಬಿಟ್ಟರೆ ಮಗ ಮನೆಯೊಳಗೆ ಬಿಟ್ಟುಕೊಳ್ಳುತ್ತಾನೋ ಇಲ್ಲವೋ ತಿಳಿಯದು. ಸೊಸೆ ಮುಖ ನೋಡುತ್ತಾಳೋ ಇಲ್ಲವೋ ತಿಳಿಯದು. ನಾನು ಹೆದರಿದ್ದೇನೆ ಸಪ್ನಾ. ಊರಲ್ಲಿ ಯಾರಿಗೂ ತಲೆ ಬಾಗಿಸದ ನಿನ್ನ ಅವ್ವ ಈಗ ಒಳಗಿನ ಬಾಗಿಲು ಸಪ್ಪಳವಾದರೆ ಗೋಡೆಯ ಕಡೆ ತಿರುಗಿ ಕೂಡುತ್ತಾಳೆ.

ಲಾಡ್ಲೆಸಾಬ ಜೇವರ್ಗಿಯಿಂದ ತಿರುಗಿ ಬಂದಾಗ ಅವನ ಗಾಡಿಯಲ್ಲೇ ನಾನು ಊರಿಗೆ ಹೋಗುತ್ತೇನೆ. ಮೊದಲು ಪ್ಯಾರಿಬಿಯ ಮನೆಗೆ, ಆಮೇಲೆ ಸಂಘಕ್ಕೆ. ಹೇಳಬೇಕಾದದ್ದನ್ನು ನಿಂತು ಹೇಳುತ್ತೇನೆ. ಏನಾಗುತ್ತದೋ ಆಗಲಿ. ಹೋಗುವ ಮೊದಲು ಇಲ್ಲಿ ಒಬ್ಬರಿಗೆ ಹೇಳಬೇಕಿತ್ತು. ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯ ಬರಲಿಲ್ಲ. ಅದಕ್ಕೇ ಹೀಗೆ ಹೇಳಿದೆ.

ನೀನು ನಾಳೆಯೇ ಡಾಕ್ಟರರ ಹತ್ತಿರ ಹೋಗಿ, ಇಂಥ ನೀರು ಇಷ್ಟು ತಿಂಗಳು ಕುಡಿದಿದ್ದೇನೆ ಎಂದು ಈ ಪತ್ರವನ್ನೇ ತೋರಿಸು. ನಾಚಿಕೆ ಪಡಬೇಡ. ಬಾಣಂತನ ಜೇವರ್ಗಿಯಲ್ಲೇ ಆಗಲಿ. ತವರು ತಪ್ಪಿತು ಎಂದು ನಿನ್ನ ಅತ್ತೆಯ ಕಡೆಯವರು ಆಡಿಕೊಂಡರೆ ನನ್ನ ಹೆಸರು ಹೇಳಿ ಬೈದುಬಿಡು. ನಾನು ಬರಬಹುದು ಎಂದು ನೀನು ಹೇಳಿದರೆ ಬಂದು ಎರೆಯುತ್ತೇನೆ. ನೀರಿಗೆ ಮಾತ್ರ ನಾನು ಕೈ ಹಚ್ಚುವುದಿಲ್ಲ.

ಇಂತಿ ನಿನ್ನ ಅವ್ವ,
ಗುರುಬಾಯಿ

ತಾ.ಕ.: ಸಪ್ನಾ, ಇದನ್ನು ಬರೆದವಳು ನಾನು, ನಿನ್ನ ವೈನಿ ಭಾಗಮ್ಮ. ಊಟ ಆದ ಮೇಲೆ ಅತ್ತಿ ನೋಟುಬುಕ್ಕು ಕೈಗೆ ಕೊಟ್ಟು, ಸಪ್ನಾಗೆ ಒಂದು ಪತ್ರ ಬರಿ ಅಂದರು. ಏನು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಗೋಡೆ ನೋಡುತ್ತ ಹೇಳಿದರು, ನಾನು ಹಾಳೆ ನೋಡುತ್ತ ಬರೆದೆ. ಒಂದಕ್ಷರ ಬಿಟ್ಟಿಲ್ಲ. ಅವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆದರೆ ಅವರಿಗೆ ಗೊತ್ತಿಲ್ಲದ ಮಾತೊಂದಿದೆ. ಹತ್ತು ಕೊಡ ಹೊತ್ತು ಗುಂಡಿಗೆ ಚೆಲ್ಲಿ ಬಂದರೆ ಸೀರೆ ಒದ್ದೆಯಾಗದೆ ಇರುವುದಿಲ್ಲ. ಪ್ಯಾರಿಬಿಯ ಪಾಳಿಯಲ್ಲಿ ಅವಳ ಸೀರೆ ಮೊಳಕಾಲಿನ ತನಕ ತೊಯ್ದಿರುತ್ತಿತ್ತು. ಅತ್ತಿ ಮೊದಲ ಕೊಡ ತಂದು ನನ್ನ ಮುಂದೆ ಇಳಿಸುವಾಗ ನಾನು ಪ್ರತಿ ಸಲ ಅವರ ಸೀರೆಯ ಅಂಚು ನೋಡುತ್ತಿದ್ದೆ. ಒಣಗಿರುತ್ತಿತ್ತು. ಈ ಸೋಮವಾರವೂ ಒಣಗಿತ್ತು. ನನಗೆ ತಿಳಿದಿತ್ತು ಸಪ್ನಾ. ಗೋಡೆ ಓದಿದವಳು ನಾನು. ಎರಡನೆಯ ಸಲ ಕೇಳಲಿಲ್ಲ. ಊರಿಗೆಲ್ಲ ಮೊದಲು ತುಂಬಿದ ಕೊಡ ತಾಯಿ ಇಲ್ಲದ ನನ್ನ ಬಾಗಿಲಿಗೆ ಬರುತ್ತದೆ ಎಂಬ ಹಿಗ್ಗು. ಕೇಳಿದರೆ ಅದು ನಿಂತೀತು ಎಂಬ ಭಯ. ಆ ನೀರಿನಲ್ಲಿ ಪುಡಿ ಕಲಸಿ ಕುಡಿಸಿದವಳೂ ನಾನೇ.

ಇಷ್ಟನ್ನು ಅತ್ತಿಗೆ ಓದಿ ಹೇಳಿಲ್ಲ. ಅವರಿಗೆ ಇದ್ದಷ್ಟು ಧೈರ್ಯ ನನಗೆ ಬಂದಿಲ್ಲ. ಸಹಿ ಹಾಕಿದ ಮೇಲೂ ಏನು ಬರೆಯಾಕತ್ತಿ ಎಂದು ಈಗ ಕೇಳುತ್ತಿದ್ದಾರೆ. ಕ್ಯಾನಿನ ನೀರು ಚೆಲ್ಲು ಎಂದು ಇನ್ನೊಮ್ಮೆ ಬರೆಯುತ್ತಿದ್ದೇನೆ ಅಂದೆ.

ಕ್ಯಾನಿನ ನೀರು ಚೆಲ್ಲು ಸಪ್ನಾ.